ಡ್ಯಾನ್ಸ್‌ನಲ್ಲಿ ಎಂ.ಎ. ಮಾಡೋಕೆ ಹೊರದೇಶಕ್ಕೆ ಹೋಗಿ ಬಂದವರು ಇದ್ದೀರಾ? "ನನ್ನದು" ಅನ್ನೋದು ಅಲ್ಲಿ ಸಿಗುತ್ತಾ?

ಮೈಸೂರ್ ಗೆಜ್ಜೆ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಒಂದು ಕಾಲೇಜಿನಲ್ಲಿ ಎಂ.ಎ. ಕೊರಿಯೋಗ್ರಫಿಗೆ (ನೃತ್ಯ ಸಂಯೋಜನೆ) ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಇಲ್ಲ. ಸೆಪ್ಟೆಂಬರ್‌ಗೆ ಶುರು, ಡಿಪಾಸಿಟ್ ಕಟ್ಟೋಕೆ ಇನ್ನು ಕೆಲವೇ ವಾರ ಇದೆ. ಅಪ್ಪ ಸೈಟ್ ಮೇಲೆ ಸಾಲ ತೆಗೆಯೋಣ ಅನ್ನುತ್ತಿದ್ದಾರೆ. ಅಮ್ಮ ಏನೂ ಹೇಳುತ್ತಿಲ್ಲ, ನನಗೆ ಅದೇ ಜಾಸ್ತಿ ಭಯ.

ನನ್ನ ವಯಸ್ಸು 26. ಚಿಕ್ಕವಳಿದ್ದಾಗಿಂದ ಒಬ್ಬರೇ ಗುರುಗಳ ಹತ್ತಿರ ಭರತನಾಟ್ಯ ಕಲಿತವಳು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಎಲ್ಲಾ ಆಗಿದೆ. ರಂಗಪ್ರವೇಶವೂ ಆಗಿದೆ. ಬಿ.ಕಾಂ. ಮುಗಿಸಿ ಹಗಲು ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ಸಂಜೆ ಕುವೆಂಪುನಗರದಲ್ಲಿ ಮಕ್ಕಳಿಗೆ ಕ್ಲಾಸ್.

ವಿಷಯ ಏನೆಂದರೆ, ಕಾರ್ಯಕ್ರಮ ಮುಗಿದ ಮೇಲೆ ಜನ ಹತ್ತಿರ ಬಂದು "ಥೇಟ್ ನಿಮ್ಮ ಮೇಡಂನ ನೋಡಿದ ಹಾಗಾಯ್ತು" ಅನ್ನುತ್ತಾರೆ. ಮೊದಲೆಲ್ಲ ಕೇಳಿ ಖುಷಿಯಾಗುತ್ತಿತ್ತು. ಈಗ ಎಲ್ಲೋ ಚುಚ್ಚುತ್ತದೆ. ಹೋದ ವರ್ಷ ಅಕ್ಕಮಹಾದೇವಿಯ ಒಂದು ವಚನ ಇಟ್ಟುಕೊಂಡು ನಾನೇ ಏನಾದರೂ ಕಟ್ಟೋಣ ಅಂತ ಕೂತೆ. ಚೆನ್ನಮಲ್ಲಿಕಾರ್ಜುನ ಅಂದ ತಕ್ಷಣ ಎಡಗೈ ಮೃಗಶೀರ್ಷ, ಬಲಗೈ ತ್ರಿಪತಾಕ. ಕೈ ತಾನಾಗಿ ಶಿವನ ಹಸ್ತಕ್ಕೆ ಹೋಗಿ ನಿಂತುಬಿಡುತ್ತದೆ. ಅಕ್ಕ ಎಲ್ಲ ಬಿಟ್ಟು ಅರಮನೆಯಿಂದ ಹೊರಗೆ ನಡೆದವಳು, ನಾನು ಅವಳಿಗೆ ಪದಂನ (ಶೃಂಗಾರದ ಅಭಿನಯದ ಹಾಡು) ನಾಯಕಿಯ ನಾಚಿಕೆ ಕೊಡುತ್ತಿದ್ದೇನೆ! ಇದಲ್ಲ ಅಂತ ಗೊತ್ತಾಗುತ್ತದೆ. ಮತ್ತೇನು ಅಂತ ಮಾತ್ರ ಮೈಗೆ ಗೊತ್ತಿಲ್ಲ.

ಹೋಗಿ ಬಂದವರು ನೇರವಾಗಿ ಹೇಳಿ. ಅಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ? ನಿಮ್ಮದು ಅನ್ನುವಂಥದ್ದು ಏನಾದರೂ ಸಿಕ್ಕಿತಾ, ಇಲ್ಲಾ ಭರತನಾಟ್ಯವೂ ಕೈಬಿಟ್ಟು ಇನ್ನೊಂದೂ ಬರದೆ ನಡುವೆ ನಿಂತಿರಾ? ಗುರುಗಳಿಗೆ ಇನ್ನೂ ಹೇಳಿಲ್ಲ. ಅದಕ್ಕೂ ಒಂದು ದಾರಿ ಹೇಳಿ.

---

ಶರಾವತಿ

ನಾನು ಶಿವಮೊಗ್ಗದವಳು. ಕೆಲವು ವರ್ಷದ ಹಿಂದೆ ಲಂಡನ್‌ನಲ್ಲೇ ಇಂಥದ್ದೇ ಒಂದು ಎಂ.ಎ. ಮಾಡಿದೆ, ಭರತನಾಟ್ಯದಿಂದಲೇ ಹೋದವಳು. ಉದ್ದ ಬರೆಯುತ್ತೇನೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಅಲ್ಲಿ ಯಾರೂ ನಿಮಗೆ ಹೊಸ ಶೈಲಿ ಕಲಿಸುವುದಿಲ್ಲ. ಬೆಳಿಗ್ಗೆ ಟೆಕ್ನಿಕ್ ಕ್ಲಾಸ್ ಇರುತ್ತದೆ, ನೆಲದ ಮೇಲೆ ಉರುಳೋದು, ಮೈ ಸಡಿಲ ಬಿಡೋದು, ಇನ್ನೊಬ್ಬರ ಮೈಮೇಲೆ ಭಾರ ಹಾಕೋದು, ಇಂಥವು. ಅದು ಒಂದು ವರ್ಷದಲ್ಲಿ ಮೈಗೆ ಹತ್ತುವುದೂ ಇಲ್ಲ, ಹತ್ತಬೇಕು ಅಂತ ಅವರೂ ಅಂದುಕೊಂಡಿರುವುದಿಲ್ಲ. ವಾರಕ್ಕೆ ಒಂದೆರಡು ಲೆಕ್ಚರ್, ಒಂದಷ್ಟು ಓದು, ಬರಹ. ಮಿಕ್ಕ ಹೊತ್ತೆಲ್ಲ ಖಾಲಿ ಸ್ಟುಡಿಯೋದಲ್ಲಿ ನೀವೊಬ್ಬರೇ. ದುಡ್ಡು ಕೊಡೋದು ಅದಕ್ಕೇ ಅನ್ನಿ. ಕೊನೆಯ ಟರ್ಮ್‌ನಲ್ಲಿ ಒಂದು ಸ್ವಂತ ಕೃತಿ, ಜೊತೆಗೆ ಅದನ್ನು ಹೇಗೆ ಮಾಡಿದೆ, ಯಾಕೆ ಮಾಡಿದೆ ಅನ್ನುವ ಪ್ರಬಂಧ.

ಶುರುವಿನಲ್ಲೇ ನಮಗೆಲ್ಲ ಹೇಳಿದ್ದು, ನಿಮ್ಮ ನೃತ್ಯದಿಂದ ಎರಡು ನಿಮಿಷ ಆರಿಸಿ ತೋರಿಸಿ ಅಂತ. ನಾನು ವರ್ಣದ (ಕಾರ್ಯಕ್ರಮದ ನಡುವಿನ ದೊಡ್ಡ ಕೃತಿ) ಒಂದು ತ್ರಿಕಾಲ ಜತಿ, ಅಂದರೆ ಮೂರು ವೇಗದ ಹೆಜ್ಜೆಗಳ ಕಟ್ಟು, ಮಾಡಿದೆ, ಚೆನ್ನಾಗಿಯೇ ಮಾಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಟ್ಯೂಟರ್ ಕೇಳಿದ ಮೊದಲ ಪ್ರಶ್ನೆ, "ನೀನು ಯಾರನ್ನು ನೋಡುತ್ತಿದ್ದೆ?" ನಾವು "ಯತೋ ಹಸ್ತಸ್ತತೋ ದೃಷ್ಟಿಃ" ಅಂತ ಬಾಯಿಪಾಠ ಮಾಡಿದವರು, ಕೈ ಹೋದ ಕಡೆ ಕಣ್ಣು. ನಾನು ಯಾರನ್ನೂ ನೋಡುತ್ತಿರಲಿಲ್ಲ, ಕೈಯನ್ನೂ ನೋಡುತ್ತಿರಲಿಲ್ಲ. ನೋಡುವ ಹಾಗೆ ಮಾಡುತ್ತಿದ್ದೆ ಅಷ್ಟೇ. ಆಮೇಲೆ ಅವರು, ಇದನ್ನೇ ಸದ್ದಿಲ್ಲದೆ ಮಾಡು, ಹಾಡಿಲ್ಲ, ಬಾಯಲ್ಲಿ ಸೊಲ್ಲಿಲ್ಲ, ಮನಸ್ಸಲ್ಲೂ ಎಣಿಸಬೇಡ ಅಂದರು. ಮಾಡಿ ನೋಡಿ ಒಂದು ಸಲ! ಅಲ್ಲಿನ ನೆಲ ಬೇರೆ ಸ್ಪ್ರಂಗ್ ಫ್ಲೋರ್, ಮೇಲೆ ವಿನೈಲ್. ಎಷ್ಟು ಜೋರಾಗಿ ತಟ್ಟಿದರೂ ಮೆತ್ತಗೆ ದುಪ್ ಅನ್ನುತ್ತದೆ. ತಟ್ಟುಕಳಿ (ಗುರುಗಳು ತಾಳ ಹಾಕುವ ಕೋಲು) ಇಲ್ಲ, ಗುರುಗಳ ಗಂಟಲಿಲ್ಲ, ಸಮ, ಅಂದರೆ ತಾಳದ ಮೊದಲ ಪೆಟ್ಟು, ಬರುವುದಿಲ್ಲ. ಸಮ ಇಲ್ಲದಿದ್ದರೆ ಒಂದು ಅಡವು (ಹೆಜ್ಜೆಯ ಪಾಠ) ಎಲ್ಲಿ ಮುಗಿಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ನಿಲ್ಲು ಅಂತ ಹೇಳುತ್ತಿದ್ದದ್ದು ತಾಳ, ನಾನಲ್ಲ.

ಅಲ್ಲಿಂದ ನಾನು ನಾಟಡವು ಒಂದನ್ನೇ ಹಿಡಿದೆ. ಅರೆಮಂಡಿಯಲ್ಲಿ (ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕೂತ ಭಂಗಿ) ಕೂತು ಕಾಲು ಪಕ್ಕಕ್ಕೆ ಚಾಚಿ ಹಿಮ್ಮಡಿ ಊರುವುದು, ಅಷ್ಟೇ. ಅದನ್ನು ನಿಧಾನ ಮಾಡುತ್ತಾ ಹೋದೆ, ಒಂದು ಸಲ ಚಾಚಿ ವಾಪಸ್ ಬರೋಕೆ ನಾಲ್ಕೈದು ನಿಮಿಷ ಆಗುವಷ್ಟು. ಹಿಮ್ಮಡಿ ನೆಲ ಮುಟ್ಟುವ ಮುಂಚೆ ಭಾರವೆಲ್ಲ ಇನ್ನೊಂದು ತೊಡೆಗೆ ಹೋಗುತ್ತದೆ, ಸೊಂಟ ಸ್ವಲ್ಪ ಓರೆಯಾಗುತ್ತದೆ, ಅದನ್ನು ಮುಚ್ಚೋಕೆ ಬೆನ್ನು ಸೆಟೆಯುತ್ತದೆ. ಮೊದಲು ತೊಡೆ ನಡುಗುತ್ತದೆ, ಆಮೇಲೆ ಮೊಣಕಾಲು, ಆಮೇಲೆ ಕಟಕಾಮುಖ ಮುದ್ರೆ ಹಿಡಿದ ಬೆರಳೂ ನಡುಗುತ್ತದೆ. ನಮ್ಮಲ್ಲಿ ನಡುಗಿದರೆ ಬೈಗುಳ, "ಕೂತ್ಕೊ, ಇನ್ನೂ ಕೂತ್ಕೊ, ನಡುಗಬೇಡ!" ತೈವಾನಿನ ಸಹಪಾಠಿ ಒಬ್ಬಳು ನೋಡಿದ ಮೇಲೆ, ನಿನ್ನ ಕಾಲು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ನಾನು ಆ ನಡುಕವನ್ನೇ ನೋಡುತ್ತಿದ್ದೆ ಅಂದಳು. ನನ್ನ ಕೊನೆಯ ಕೃತಿ ಅದರ ಮೇಲೇ ಆಯಿತು. ಅರೆಮಂಡಿಯ ನಡುಕ. ಒಂದು ಹಾಡಿಲ್ಲ, ಒಂದು ಕಥೆಯಿಲ್ಲ. ಆದರೆ ಅದು ಭರತನಾಟ್ಯ ಅಲ್ಲ ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ವರ್ಷಗಟ್ಟಲೆ ಅರೆಮಂಡಿಯಲ್ಲಿ ಕೂತವಳಿಗೆ ಮಾತ್ರ ಹಾಗೆ ನಡುಗೋಕೆ ಬರುತ್ತದೆ.

ಇನ್ನೊಂದು ನಿಜವಾಗಿ ಉಪಯೋಗಕ್ಕೆ ಬಂದದ್ದು, ನೋಡಿದವರು ಹೇಗೆ ಮಾತಾಡಬೇಕು ಅನ್ನುವ ಕ್ರಮ. ಲಿಜ್ ಲರ್ಮನ್ ಅನ್ನುವ ಅಮೆರಿಕದ ಕೊರಿಯೋಗ್ರಾಫರ್ 1990ರಲ್ಲಿ ಕಟ್ಟಿದ ಪದ್ಧತಿ ಅದು. ಮೊದಲು ನೋಡಿದವರು ತಮಗೆ ಏನು ತಟ್ಟಿತು, ಏನು ಉಳಿಯಿತು ಅಂತ ಹೇಳಬೇಕು. ಆಮೇಲೆ ಮಾಡಿದವಳು ಪ್ರಶ್ನೆ ಕೇಳುತ್ತಾಳೆ. ಆಮೇಲೆ ನೋಡಿದವರು ಕೇಳಬಹುದು, ಆದರೆ ಪ್ರಶ್ನೆಯ ಒಳಗೆ ಅಭಿಪ್ರಾಯ ತುರುಕಬಾರದು. ಅಭಿಪ್ರಾಯ ಕೊನೆಗೆ, ಅದೂ ಮಾಡಿದವಳು ಹೂಂ ಅಂದರೆ. ನಮ್ಮಲ್ಲಿ ಒಂದೋ "ಭಾಳ ಚೆನ್ನಾಗಿತ್ತು ಕಣಮ್ಮ", ಇಲ್ಲ ಬೆನ್ನ ಹಿಂದೆ ಮಾತು. ನಾನು ಈಗ ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಮಾಡಿಸುತ್ತೇನೆ. ಅವರ ಅಮ್ಮಂದಿರಿಗೆ ಹಿಡಿಸುವುದಿಲ್ಲ.

ಕಿರಿಕಿರಿಯೂ ಇತ್ತು. ಏನೇ ತೋರಿಸಿದರೂ ಯಾರೋ ಒಬ್ಬರು "ಎಷ್ಟು ಸುಂದರ ಕೈಗಳು" ಅನ್ನುತ್ತಾರೆ. ಕೈ ಬಳಸದೇ ಇದ್ದ ದಿನವೂ ಅಂದಿದ್ದಾರೆ! ಭಾರತದ ಬಗ್ಗೆ ಏನು ಕೇಳಬೇಕಾದರೂ ನಿಮ್ಮನ್ನೇ ಕೇಳುತ್ತಾರೆ. ದೇವದಾಸಿಯರ ವಿಷಯ ಬಂದಾಗ ನನಗೆ ಆ ಪದ್ಧತಿ ನಿಷೇಧಿಸಿದ 1947ರ ಮದ್ರಾಸ್ ಕಾಯ್ದೆ ಬಿಟ್ಟು ಬೇರೆ ಗೊತ್ತಿರಲಿಲ್ಲ. ಮೈಸೂರು ಸಂಸ್ಥಾನ ಅದಕ್ಕೂ ಎಷ್ಟೋ ಮೊದಲೇ ದೇವಸ್ಥಾನಗಳಲ್ಲಿ ಅದನ್ನು ನಿಲ್ಲಿಸಿತ್ತು ಅನ್ನುವುದು, ಜಟ್ಟಿ ತಾಯಮ್ಮ ಯಾರು, ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ಆಸ್ಥಾನದ ಅಭಿನಯವನ್ನು ಹೇಗೆ ಉಳಿಸಿದರು ಅನ್ನುವುದು, ಇದನ್ನೆಲ್ಲ ಲಂಡನ್ನಿನ ಲೈಬ್ರರಿಯಲ್ಲಿ ಕೂತು ಓದಿದೆ. ವಿದ್ವತ್ ಪರೀಕ್ಷೆಗೆ ಹೆಸರು ಮಾತ್ರ ಬರೆದಿದ್ದೆ. ನೀವಂತೂ ಮೈಸೂರಿನವರು, ಹೋಗುವ ಮುಂಚೆ ಇದನ್ನೆಲ್ಲ ಊರಲ್ಲೇ ಮಾಡಿಕೊಳ್ಳಿ. ಆ ಅಭಿನಯ ಕಲಿತವರು ಇನ್ನೂ ಇದ್ದಾರೆ.

ಮತ್ತೆ, ಎಲ್ಲರೂ ಬ್ರಿಟನ್ನಿನ ಕೊರಿಯೋಗ್ರಾಫರ್ ಅಕ್ರಮ್ ಖಾನ್ ಹೆಸರು ಹೇಳಿ ಕಣ್ಣು ಅರಳಿಸುತ್ತಾರೆ. ಅವರು ಹುಟ್ಟಿದ್ದೇ ಲಂಡನ್‌ನಲ್ಲಿ, ಹುಡುಗರಿದ್ದಾಗಲೇ ಪ್ರತಾಪ್ ಪವಾರ್ ಹತ್ತಿರ ಕಥಕ್, ಆಮೇಲೆ ಲೆಸ್ಟರ್, ಲೀಡ್ಸ್‌ನಲ್ಲಿ ಕಂಟೆಂಪರರಿ ಡ್ಯಾನ್ಸ್. ಎರಡೂ ಒಟ್ಟೊಟ್ಟಿಗೆ ಮೈಯಲ್ಲಿ ಬೆಳೆದವು. ಒಂದು ವರ್ಷಕ್ಕೆ ಅಂತ ಹೋಗುವ ನಾವು ಆ ಲೆಕ್ಕ ಹಾಕಬಾರದು.

---

ಲೆಕ್ಕದ ಪುಟ್ಟಣ್ಣ

ಕಲೆ ಬಗ್ಗೆ ನನಗೆ ಗೊತ್ತಿಲ್ಲ. ಹೆಂಡತಿ ಡ್ಯಾನ್ಸರ್, ನಾನು ಅವಳ ಅರ್ಜಿ ತುಂಬಿದವನು. ಸೈಟ್ ಅಡ ಇಡಬೇಡಿ ಅಂತ ಹೇಳೋಕೆ ಬಂದೆ.

ಇಂಥ ಕೋರ್ಸಿಗೆ ಹೊರದೇಶದವರ ಫೀಸು 15 ಸಾವಿರದಿಂದ 25 ಸಾವಿರ ಪೌಂಡ್ ನಡುವೆ ಎಲ್ಲಾದರೂ ಇರುತ್ತದೆ. ಅದರ ಮೇಲೆ ಲಂಡನ್ ಖರ್ಚು ಅಂತ ತಿಂಗಳಿಗೆ ಒಂದೂವರೆ ಸಾವಿರ ಪೌಂಡ್ ಆಸುಪಾಸಿನ ಹಾಗೆ 9 ತಿಂಗಳಿನದು ಖಾತೆಯಲ್ಲಿ ತೋರಿಸಬೇಕು, ಅದು 28 ದಿನ ಅಲ್ಲಾಡದೆ ಕೂತಿರಬೇಕು. ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಮುಂಗಡ.

ದುಡಿದು ತೀರಿಸುತ್ತೇನೆ ಅನ್ನುತ್ತೀರಾ? ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಡ್ಯಾನ್ಸರ್‌ಗಳಿಗೆ ಯಾರೂ ಹೇಳದ ವಿಷಯ ಒಂದಿದೆ. ಆ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ಮನರಂಜನೆಯ ಕೆಲಸಕ್ಕೂ ಸೇರುವಂತಿಲ್ಲ. ಅಂದರೆ ಮನೆಯಲ್ಲಿ ಮಕ್ಕಳಿಗೆ ಕ್ಲಾಸ್ ಹೇಳಿ ಫೀಸು ತಗೊಳ್ಳೋ ಹಾಗಿಲ್ಲ, ಕನ್ನಡ ರಾಜ್ಯೋತ್ಸವದಲ್ಲಿ ಕುಣಿದು ಕವರ್ ತಗೊಳ್ಳೋ ಹಾಗೂ ಇಲ್ಲ. ಕೋರ್ಸಿನ ಭಾಗವಾಗಿ ಇರುವ ಪ್ಲೇಸ್‌ಮೆಂಟ್ ಬೇರೆ. ಹಾಗಾಗಿ ನಿಮಗೆ ಸಿಗುವುದು ಕೆಫೆ, ಅಂಗಡಿ. ದಿನವಿಡೀ ನಿಂತು ಬಂದು ಸ್ಟುಡಿಯೋದಲ್ಲಿ ಅರೆಮಂಡಿ ಕೂರಬೇಕು.

ಓದು ಮುಗಿದ ಮೇಲೆ ಗ್ರ್ಯಾಜುಯೇಟ್ ವೀಸಾ 2 ವರ್ಷ ಇತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಅದರಲ್ಲಿ ಸ್ವಂತ ಕ್ಲಾಸ್, ಪ್ರದರ್ಶನ ಎಲ್ಲಾ ಮಾಡಬಹುದು.

ಬೇರೆಯವರ ದುಡ್ಡಲ್ಲಿ ಹೋಗುವ ದಾರಿ ನೋಡಿ. ಚೀವ್ನಿಂಗ್ ಸ್ಕಾಲರ್‌ಶಿಪ್, ಬ್ರಿಟನ್ ಸರ್ಕಾರದ್ದು, ಪೂರ್ತಿ ಖರ್ಚು ಕೊಡುತ್ತದೆ. 2,800 ಗಂಟೆ ಕೆಲಸದ ಅನುಭವ ಬೇಕು, ಮುಗಿದ ಮೇಲೆ 2 ವರ್ಷ ವಾಪಸ್ ಬಂದಿರಬೇಕು. ಇನ್‌ಲ್ಯಾಕ್ಸ್ ಸ್ಕಾಲರ್‌ಶಿಪ್ ಇದೆ, 30 ವರ್ಷದೊಳಗಿನವರಿಗೆ, 1 ಲಕ್ಷ ಡಾಲರ್‌ವರೆಗೆ, ಆದರೆ ಸೀಟು ಮೊದಲೇ ಸಿಕ್ಕಿರಬೇಕು. ಜೆ.ಎನ್. ಟಾಟಾ ಎಂಡೋಮೆಂಟ್ ಇದೆ, ಅದು ಸಾಲದ ರೂಪದ್ದು. ಅಮೆರಿಕದಲ್ಲಿ ಎಂ.ಎಫ್.ಎ. ಅಂತ ಎರಡು ಮೂರು ವರ್ಷದ್ದು ಇರುತ್ತದೆ, ಪಾಠ ಹೇಳುವ ಕೆಲಸ ಕೊಟ್ಟು ಫೀಸು ಮನ್ನಾ ಮಾಡುವ ಯೂನಿವರ್ಸಿಟಿಗಳು ಎಷ್ಟೋ ಇವೆ. ಈ ವರ್ಷಕ್ಕೆ ಇದ್ಯಾವುದೂ ಆಗಲ್ಲ. ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಕೇಳಿ. ಡಿಪಾಸಿಟ್ ಕಟ್ಟುವ ಮುಂಚೆ ಕೇಳಿ, ಕಟ್ಟಿದ ಮೇಲಲ್ಲ.

---

ಜಯನಗರದ ರುಕ್ಮಿಣಿ

ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನಮ್ಮ, ನನ್ನ ಮೊಮ್ಮಗಳು ನಿನಗಿಂತ ಸ್ವಲ್ಪ ಚಿಕ್ಕವಳು.

ಹೊರಗೆ ಹೋಗಿ ಕೊರಿಯೋಗ್ರಫಿ ಓದೋದು ನಿಮ್ಮ ಕಾಲದ ಹೊಸ ಹುಚ್ಚು ಅಂತ ತಿಳ್ಕೋಬೇಡಿ. ನಮ್ಮ ಮಲ್ಲೇಶ್ವರದ ಮಾಯಾ ರಾವ್ 1960ರ ದಶಕದ ಶುರುವಿನಲ್ಲೇ ಸೋವಿಯತ್ ಸ್ಕಾಲರ್‌ಶಿಪ್ ಮೇಲೆ ಮಾಸ್ಕೋಗೆ ಹೋಗಿ ಗಿಟಿಸ್ ಅನ್ನುವ ರಂಗಕಲೆಯ ಸಂಸ್ಥೆಯಲ್ಲಿ ಅದನ್ನೇ ಓದಿದರು. ಶಂಭು ಮಹಾರಾಜರ ಹತ್ತಿರ ಕಥಕ್ ಕಲಿತಿದ್ದ ಹೆಣ್ಣುಮಗಳು, ಬ್ಯಾಲೆಯ ಊರಿಗೆ ಹೋಗಿ ಬಂದರೂ ಇಲ್ಲಿ ಬ್ಯಾಲೆ ಮಾಡಲಿಲ್ಲ. ಹತ್ತು ಇಪ್ಪತ್ತು ಜನರನ್ನು ವೇದಿಕೆ ಮೇಲೆ ಹೇಗೆ ಹರಡಬೇಕು, ಒಂದು ಕೃತಿಗೆ ಆದಿ ಅಂತ್ಯ ಹೇಗೆ ಕಟ್ಟಬೇಕು, ಇದನ್ನೆಲ್ಲ ಶಿಸ್ತಾಗಿ ಹೇಳಿಕೊಡಬಹುದು ಅನ್ನುವ ವಿಚಾರ ತಂದರು. ಅದಕ್ಕೊಂದು ಸಂಸ್ಥೆಯನ್ನೇ ದೆಹಲಿಯಲ್ಲಿ ಶುರು ಮಾಡಿ, 1987ರಲ್ಲಿ ಬೆಂಗಳೂರಿಗೆ ಬಂದರು. ಅವರ ಮಗಳು ಮಧು ನಟರಾಜ್ ನ್ಯೂಯಾರ್ಕ್‌ನಲ್ಲಿ ಕಂಟೆಂಪರರಿ ಕಲಿತು ಬಂದು 1995ರಲ್ಲಿ ಇಲ್ಲೇ ತಮ್ಮ ತಂಡ ಕಟ್ಟಿದರು. ಇಲ್ಲಿನ ಅಟ್ಟಕ್ಕಳರಿ ನೃತ್ಯ ಸಂಸ್ಥೆಯ ಜಯಚಂದ್ರನ್ ಕೂಡ ಲಂಡನ್‌ನಲ್ಲಿ ಕಲಿತವರೇ. ಹಾಗಾಗಿ ಬೆಂಗಳೂರಿಗೆ ಇದೇನು ಹೊಸದಲ್ಲ.

ಆದರೆ ಇನ್ನೊಂದು ಕಡೆ ನೋಡು. ಚೆನ್ನೈನಲ್ಲಿ ಕೊರಿಯೋಗ್ರಾಫರ್ ಚಂದ್ರಲೇಖಾ 1985ರಲ್ಲಿ "ಆಂಗಿಕ" ಅನ್ನುವ ಕೃತಿ ಮಾಡಿದಾಗ ದೇವರ ಕಥೆಯನ್ನೆಲ್ಲ ಬದಿಗಿಟ್ಟು ಭರತನಾಟ್ಯ, ಕಳರಿಪಯಟ್ಟು, ಯೋಗ ಮೂರನ್ನೂ ಬರೀ ದೇಹ ಅಂತ ನೋಡಿದರು. ಯಾವ ಎಂ.ಎ.ಯೂ ಅದನ್ನು ಅವರಿಗೆ ಹೇಳಿಕೊಟ್ಟಿದ್ದಲ್ಲ. ಪದ್ಮಿನಿ ಚೆತ್ತೂರ್ ಓದಿದ್ದು ಕೆಮಿಸ್ಟ್ರಿ, 1991ರಿಂದ ಹತ್ತು ವರ್ಷದ ಹತ್ತಿರ ಚಂದ್ರಲೇಖಾ ಜೊತೆ ಇದ್ದು ಆಮೇಲೆ ತನ್ನ ದಾರಿ ಹಿಡಿದವರು. ಪ್ರೀತಿ ಆತ್ರೇಯ ಭರತನಾಟ್ಯದಿಂದ ಲಂಡನ್ನಿನ ಲಾಬಾನ್ ಸೆಂಟರ್‌ಗೆ ಹೋಗಿ 2001ರಲ್ಲಿ ಸ್ನಾತಕೋತ್ತರ ಪದವಿ ತಗೊಂಡರು, ನಿಜ. ಆದರೆ ಪದ್ಮಿನಿಯ ತಂಡದಲ್ಲಿ ಅವರು ಕುಣಿದದ್ದು ಎಷ್ಟೊಂದು ವರ್ಷ! ಆ ವರ್ಷಗಳ ಕೆಲಸ ಯಾರಿಗೂ ಸರ್ಟಿಫಿಕೇಟಿನಲ್ಲಿ ಕಾಣುವುದಿಲ್ಲ.

ನನಗೆ ಬೇಜಾರು ಬರೋದು ಎಲ್ಲಿ ಗೊತ್ತಾ? ಹೋಗಿ ಬಂದವರ ಕಾರ್ಯಕ್ರಮಗಳಿಗೆ ತಪ್ಪದೆ ಹೋಗುತ್ತೇನೆ. ಬೂದು ಬಣ್ಣದ ಪ್ಯಾಂಟು. ಪಕ್ಕದಿಂದ ಒಂದೇ ಲೈಟು. ಸ್ಟೇಜಿನ ಈ ತುದಿಯಿಂದ ಆ ತುದಿಗೆ ಬಹಳ ನಿಧಾನವಾಗಿ ನಡೆಯೋದು. ನಡುವೆ ನೆಲದ ಮೇಲೆ ಒಂದು ಸಲ ಮಲಗೋದು. ಕೊನೆಗೆ ಉಸಿರಿನ ಸದ್ದು. ಅಲಾರಿಪುವಿನಿಂದ ತಿಲ್ಲಾನದವರೆಗಿನ ಮಾರ್ಗಂ ಬೇಸರ ಅಂತ ಬಿಟ್ಟು ಹೋದವರು ಅಲ್ಲಿಂದ ಇನ್ನೊಂದು ಮಾರ್ಗಂ ತಂದಿದ್ದಾರೆ ಅಷ್ಟೇ. ಗುರು ಬದಲಾಗಿದ್ದಾರೆ, ನಕಲು ಹಾಗೇ ಇದೆ.

ಅಕ್ಕನ ವಚನದಲ್ಲಿ ನಿನಗೆ ಏನು ಸರಿಯಿಲ್ಲ ಅಂತ ನೀನೇ ಎಷ್ಟು ಚೆನ್ನಾಗಿ ಬರೆದಿದ್ದೀಯ ನೋಡು. ಅದನ್ನು ಬರೆಯೋಕೆ ಲಂಡನ್ ಬೇಕಾಗಲಿಲ್ಲ. ಒಂದು ವರ್ಷ ಇಲ್ಲೇ ಯಾರದಾದರೂ ತಂಡದಲ್ಲಿ ಕೆಲಸ ಮಾಡು. ಬೇರೆಯವರ ಮನಸ್ಸಿನಲ್ಲಿರೋದನ್ನು ನಿನ್ನ ಮೈಯಲ್ಲಿ ತಂದು ನೋಡು. ಆಮೇಲೂ ಹೋಗಬೇಕು ಅನ್ನಿಸಿದರೆ ಹೋಗು, ನಾನೇ ಆಶೀರ್ವಾದ ಮಾಡುತ್ತೇನೆ.

---

ಶರಾವತಿ

ರುಕ್ಮಿಣಿ ಅಮ್ಮ, ಬೂದು ಪ್ಯಾಂಟಿನ ಮಾತು ಓದಿ ಜೋರಾಗಿ ನಕ್ಕೆ. ನನ್ನ ಹತ್ತಿರ ಎರಡಿವೆ.

ಆದರೆ ಒಂದು ಒಪ್ಪುವುದಿಲ್ಲ. ಇಲ್ಲೇ ಒಂದು ತಂಡಕ್ಕೆ ಸೇರು ಅನ್ನುತ್ತೀರಿ. ಯಾವ ತಂಡ ಸಂಬಳ ಕೊಡುತ್ತದೆ? ಇವರು ಆಫೀಸು ಬಿಡುವ ಹಾಗಿಲ್ಲ. ಸಂಜೆ ಕ್ಲಾಸ್, ಭಾನುವಾರ ಯಾರದೋ ರಂಗಪ್ರವೇಶಕ್ಕೆ ಮುಖ ತೋರಿಸಬೇಕು, ಗುರುಗಳ ವಾರ್ಷಿಕೋತ್ಸವದ ಕೆಲಸ. ಮೈಸೂರಿನಂಥ ಊರಲ್ಲಿ ನೀವು ಇಂಥವರ ಶಿಷ್ಯೆ ಅನ್ನೋದು ಎಲ್ಲರಿಗೂ ಗೊತ್ತು. ಕೆಟ್ಟದಾಗಿ ಒಂದು ಪ್ರಯೋಗ ಮಾಡಿದರೆ ಮಾರನೇ ದಿನ ಗುರುಗಳಿಗೆ ಫೋನ್ ಹೋಗುತ್ತದೆ. ನನ್ನನ್ನು ಯಾರೂ ಗುರುತಿಸದ ಜಾಗದಲ್ಲಿ, ಕೆಟ್ಟದಾಗಿ, ಮುಖದ ಮೇಲೆ ನಗು ಇಲ್ಲದೆ, ತಿಂಗಳುಗಟ್ಟಲೆ ಮಾಡಿ ನೋಡುವ ಅವಕಾಶ ನನಗೆ ಊರಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಚಂದ್ರಲೇಖಾ ಅವರಿಗೆ ಸಮುದ್ರದ ಪಕ್ಕ ತಮ್ಮದೇ ಜಾಗ ಇತ್ತು. ನಮಗೆ ಇರೋದು ಬಾಡಿಗೆ ಮನೆ, ಕೆಳಗಡೆ ಓನರ್.

---

ಚಂಡೆ ಮದ್ದಳೆ

ನಾನು ಕುಂದಾಪುರ ಕಡೆಯವನು. ಬಡಗುತಿಟ್ಟಿನ ಯಕ್ಷಗಾನ ಹವ್ಯಾಸಿ, ಕಲಾವಿದ ಅಂತ ಹೇಳಿಕೊಳ್ಳುವ ಧೈರ್ಯ ಇಲ್ಲ. ಕೊರಿಯೋಗ್ರಫಿ ಒಂದೇ ದಾರಿ ಅಲ್ಲ ಅಂತ ಹೇಳೋಕೆ ಬರೆಯುತ್ತಿದ್ದೇನೆ. ಇದು ಇಲ್ಲಿ ಯಾರಿಗೂ ಗೊತ್ತಿದ್ದ ಹಾಗಿಲ್ಲ.

ಕೊರಿಯೋಮುಂಡಸ್ ಅಂತ ಎರಡು ವರ್ಷದ ಮಾಸ್ಟರ್ಸ್ ಇದೆ, ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯದ್ದು. ನಾರ್ವೆಯ ಟ್ರಾಂಡ್‌ಹೈಮ್, ಫ್ರಾನ್ಸಿನ ಕ್ಲೆರ್ಮೋ-ಫೆರಾಂ, ಹಂಗರಿಯ ಸೆಗೆಡ್, ಲಂಡನ್ನಿನ ರೋಹ್ಯಾಂಪ್ಟನ್, ನಾಲ್ಕು ಯೂನಿವರ್ಸಿಟಿ ಸೇರಿ 2012ರಲ್ಲಿ ಶುರು ಮಾಡಿದ್ದು. ನೃತ್ಯವನ್ನು ಮಾನವಶಾಸ್ತ್ರದ ಕಣ್ಣಲ್ಲಿ ನೋಡುವ ಕೋರ್ಸು. ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ ಬರುತ್ತದೆ, ಅಪ್ಪನ ಸೈಟು ಉಳಿಯುತ್ತದೆ. ಐರ್ಲೆಂಡಿನ ಲಿಮರಿಕ್ ಯೂನಿವರ್ಸಿಟಿಯಲ್ಲೂ ಇದೇ ಜಾತಿಯ ಎಂ.ಎ. ಇದೆ. ನಾನು ಹೋದದ್ದು ಈ ಥರದ್ದೇ ಒಂದಕ್ಕೆ.

ಅಲ್ಲಿ ಮೊದಮೊದಲು ಓದಿಸಿದ್ದರಲ್ಲಿ ಒಂದು, ಜೋಆನ್ ಕೆಆಲಿಇನೊಹೊಮೊಕು ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ಸುಮಾರಿಗೆ ಬರೆದ ಲೇಖನ. (ಆ ಹೆಸರು ನಾಲಿಗೆ ಮೇಲೆ ಹೊರಳೋಕೆ ನನಗೆ ಒಂದು ಸೆಮಿಸ್ಟರ್ ಬೇಕಾಯಿತು.) ಅವರ ವಾದ ಸರಳ. ಬೇರೆಯವರದೆಲ್ಲ ಜನಾಂಗದ ನೃತ್ಯ, ಬ್ಯಾಲೆ ಮಾತ್ರ ಎಲ್ಲರ ನೃತ್ಯ ಅನ್ನುತ್ತೀರಲ್ಲ, ಬ್ಯಾಲೆಯಲ್ಲೂ ಯುರೋಪಿನ ರಾಜಕುಮಾರ, ಹಂಸ, ಮದುವೆ, ಅವರ ಬಟ್ಟೆ, ಅವರ ಮೈ ಹೇಗಿರಬೇಕು ಅನ್ನುವ ಅವರ ರುಚಿಯೇ ಇರೋದು, ಅದೂ ಒಂದು ಜನಾಂಗದ ನೃತ್ಯವೇ. ಇದನ್ನು ಓದಿದ ಮೇಲೆ ನನಗೆ ಅಲ್ಲಿ ತಲೆ ಎತ್ತಿ ಕೂರೋಕೆ ಸುಲಭ ಆಯಿತು. ಜೊತೆಗೆ ಒಂದು ಕಸಿವಿಸಿಯೂ ಶುರುವಾಯಿತು. ಯಾಕೆಂದರೆ ಭರತನಾಟ್ಯದವರು ಯಕ್ಷಗಾನವನ್ನು "ಜಾನಪದ" ಅಂತ ಪಕ್ಕಕ್ಕೆ ಇಡೋದೂ ಅದೇ ಆಟ ಅಲ್ವಾ? (ಜಗಳಕ್ಕಲ್ಲ, ಸುಮ್ನೆ ಹೇಳಿದೆ.)

ಲಾಬಾನೊಟೇಶನ್ ಕಲಿಸಿದರು. ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ, ಚಲನೆಯನ್ನು ಬರೆದಿಡುವ ಲಿಪಿ. ಪುಟದ ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಗೆರೆಯ ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು, ಚಿಹ್ನೆ ಉದ್ದ ಇದ್ದಷ್ಟೂ ಹೊತ್ತು ಜಾಸ್ತಿ. ನಾನು ಒಡ್ಡೋಲಗದ (ವೇಷ ತೆರೆಯ ಹಿಂದಿನಿಂದ ರಂಗಕ್ಕೆ ಬರುವ ಭಾಗ) ಒಂದು ತುಂಡು ತಗೊಂಡು ಬರೆಯೋಕೆ ಕೂತೆ. ತೆರೆ ಹಿಡಿದಿರುವಾಗ ವೇಷದ ಕಾಲು ಕುಣಿಯುತ್ತಾ ಇರುತ್ತದೆ, ನೋಡುವವನಿಗೆ ಕಾಣೋದು ಮೇಲೆ ಅಲ್ಲಾಡುವ ಕಿರೀಟ ಮಾತ್ರ. ಕಾಲು ಬರೆದೆ. ಆಮೇಲೆ ಮೇಷ್ಟ್ರು ಕೇಳಿದರು, ಪ್ರೇಕ್ಷಕನಿಗೆ ಕಾಣದ ಕಾಲನ್ನು ಬರೆದಿದ್ದೀಯ, ಅವನಿಗೆ ಕಾಣುವುದನ್ನು ಎಲ್ಲಿ ಬರೆಯುತ್ತೀಯ? ಚಂಡೆಯವನು ವೇಷದ ಮೈ ನೋಡಿ ಪೆಟ್ಟು ಏರಿಸುತ್ತಾನಲ್ಲ, ಅದನ್ನು ಎಲ್ಲಿ ಬರೆಯುತ್ತೀಯ? ನನ್ನ ಪ್ರಬಂಧ ಆ ತೆರೆಯ ಮೇಲೇ ಆಯಿತು. ಊರಲ್ಲಿ ಸಾವಿರ ಆಟ ನೋಡಿದವನಿಗೆ ಆ ಪ್ರಶ್ನೆ ಬಂದಿರಲಿಲ್ಲ, ಮುಂದಿನ ಸಾಲಲ್ಲಿ ಕೂತು ಕಿರೀಟ ಯಾವಾಗ ಮೇಲೆ ಬರುತ್ತದೆ ಅಂತ ಕಾಯುತ್ತಿದ್ದೆ ಅಷ್ಟೇ.

ಹೊರಗಿನ ಕಣ್ಣು ಅಂದಾಗ ನೆನಪಾಯಿತು. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಗೆ ಬಂದು ಬಡಗುತಿಟ್ಟು ಕಲಿತು, ಅದರ ಮೇಲೇ ಪಿಎಚ್.ಡಿ. ಮಾಡಿದರು. ಅವರಿಗೆ ಓದೋಕೆ ಸಿಕ್ಕ ಹೊರದೇಶ ನಮ್ಮ ಊರು.

---

ಮೈಸೂರ್ ಗೆಜ್ಜೆ

ಇಷ್ಟೊಂದು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಪುಟ್ಟಣ್ಣ ಅವರ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಅಮ್ಮ ಅಡುಗೆಮನೆಯಿಂದ "ಅದನ್ನೇ ನಾನು ಹೇಳಬೇಕು ಅಂತಿದ್ದೆ" ಅಂದರು. ಈ ವರ್ಷ ಹೋಗುವುದಿಲ್ಲ, ಸೀಟು ಮುಂದಕ್ಕೆ ಹಾಕಿ ಅಂತ ಇಮೇಲ್ ಬರೆದಿದ್ದೇನೆ. ರುಕ್ಮಿಣಿ ಅಮ್ಮ, ನೀವು ಹೇಳಿದ ಹಾಗೆ ಇಲ್ಲಿ ಕೆಲಸ ಹುಡುಕುತ್ತೇನೆ, ಆದರೆ ಶರಾವತಿ ಅಕ್ಕ ಹೇಳಿದ್ದು ಪೂರ್ತಿ ನಿಜ. ಮೊನ್ನೆ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಆ ವಚನವನ್ನು ಹಾಡಿಲ್ಲದೆ, ಕೈಯೇ ಎತ್ತದೆ ಮಾಡಿ ನೋಡಿದೆ. ಏನೂ ಆಗಲಿಲ್ಲ. ಸುಮ್ನೆ ನಿಂತಿದ್ದೆ. ಆದರೆ ನಾಚಿಕೆ ಬರಲಿಲ್ಲ, ಅಷ್ಟು ಹೊತ್ತು.

ಎರಡು ಪ್ರಶ್ನೆ ಉಳಿದಿದೆ. ಗುರುಗಳಿಗೆ ಹೇಗೆ ಹೇಳೋದು? ಚೀವ್ನಿಂಗ್‌ಗೆ ಆಡಿಟರ್ ಆಫೀಸಿನ ಕೆಲಸ ಲೆಕ್ಕಕ್ಕೆ ಬರುತ್ತಾ?

---

ಶರಾವತಿ

ಗುರುಗಳಿಗೆ ಫೋನಲ್ಲಿ ಹೇಳಬೇಡಿ, ವಾಟ್ಸಾಪ್ ಅಂತೂ ಬೇಡವೇ ಬೇಡ. ಮನೆಗೆ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಹೋಗಲಾ ಬೇಡವಾ ಅಂತ ಕೇಳಿದರೆ ಬೇಡ ಅನ್ನುತ್ತಾರೆ, ಹೋಗಬೇಕು ಅಂತಿದ್ದೇನೆ ಅಂತ ಹೇಳಿ. ನಮ್ಮ ಮೇಡಂ ಕೇಳಿದ ತಕ್ಷಣ ಎದ್ದು ಒಳಗೆ ಹೋದರು, ಕಾಫಿ ತರೋಕೆ ಅಂದುಕೊಂಡೆ, ಬರಲೇ ಇಲ್ಲ. ಆಮೇಲೆ ಕೆಲವು ತಿಂಗಳು ಮಾತಿಲ್ಲ. ಹಾಗೂ ಆಗಬಹುದು, ತಯಾರಾಗಿರಿ.

ಈ ವರ್ಷ ಒಂದು ಕೆಲಸ ಮಾಡಿ. ನೀವು ಕಲಿತ ಒಂದು ವರ್ಣ ತಗೊಂಡು ಅದರ ಸಂಚಾರಿಗಳನ್ನು (ಹಾಡಿನ ಸಾಲನ್ನು ಬೆಳೆಸುವ ಅಭಿನಯ) ಯಾಕೆ ಹಾಗೆ ಕಟ್ಟಿದಿರಿ ಅಂತ ಗುರುಗಳನ್ನೇ ಕೇಳಿ. ಯಾವುದು ಅವರ ಗುರುಗಳದ್ದು, ಯಾವುದು ಇವರೇ ಸೇರಿಸಿದ್ದು, ಯಾವುದು ಯಾವಾಗ ಬದಲಾಯಿಸಿದರು ಅಂತ. ರೆಕಾರ್ಡ್ ಮಾಡ್ಕೊಳ್ಳಿ. ನಾನು ಇದನ್ನು ವಾಪಸ್ ಬಂದ ಮೇಲೆ ಕೇಳಿದೆ. ಅರ್ಧಕ್ಕರ್ಧ ಮೇಡಂ ತಾವೇ ಕಟ್ಟಿದ್ದು ಅಂತ ಆಗ ಗೊತ್ತಾಯಿತು. ಅವರನ್ನೂ ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆವತ್ತು ಕಾಫಿ ಬಂತು.

---

ಲೆಕ್ಕದ ಪುಟ್ಟಣ್ಣ

ಆಫೀಸು ಕೆಲಸ ಬರುತ್ತದೆ. ಪಾರ್ಟ್‌ಟೈಮ್, ವಾಲಂಟಿಯರ್ ಕೆಲಸವನ್ನೂ ಗಂಟೆ ಲೆಕ್ಕದಲ್ಲಿ ಕೂಡಿಸಬಹುದು. ಸಂಜೆ ಕ್ಲಾಸಿನ ಗಂಟೆಗಳನ್ನೂ ಬರೆದಿಡಿ, ಡ್ಯಾನ್ಸ್ ಕೋರ್ಸಿಗೆ ಹೋಗುವವರ ಅರ್ಜಿಯಲ್ಲಿ ಡ್ಯಾನ್ಸ್ ಕೆಲಸ ಕಾಣಬೇಕಲ್ಲ. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ, ದಸರಾ ಗಲಾಟೆಯಲ್ಲಿ ಮರೆಯಬೇಡಿ. ಇಬ್ಬರು ರೆಫರೆನ್ಸ್ ಬೇಕಾಗುತ್ತದೆ. ಒಬ್ಬರು ನಿಮ್ಮ ಆಡಿಟರ್ ಸಾಹೇಬರು. ಇನ್ನೊಬ್ಬರು ಯಾರು ಅನ್ನೋದು ಆ ಕಾಫಿ ಮೇಲೆ ನಿಂತಿದೆ.